ತಗ್ಗು ತುಂಬುವುದು

ಮಂಡ್ಯ, ಜಿಲ್ಲಾ ಪಂಚಾಯಿತಿ, ಮೂರನೇ ಮಹಡಿ.
ಪರದೆಯ ಮೇಲೆ ಕರಡಿಗುಡ್ಡ
ಬೂದಿ ಸವರಿದ ಹಾಗೆ ಬಿದ್ದುಕೊಂಡಿದೆ.
ಎತ್ತರಕ್ಕೆ ಬಿಳುಪು, ತಗ್ಗಿಗೆ ಕಪ್ಪು;
ಮುಳ್ಳಿಲ್ಲ, ಕಲ್ಲಿಲ್ಲ, ಆಡಿನ ಹಿಕ್ಕೆಯಿಲ್ಲ.
ದೂರದ ಬೆಟ್ಟ ನುಣ್ಣಗೆ ಅಂತಾರಲ್ಲ,
ಏಳುನೂರು ಕಿಲೋಮೀಟರ್ ಮೇಲಿಂದ
ಇನ್ನೆಷ್ಟು ನುಣ್ಣಗಿರಬೇಡ!

ಉಪಗ್ರಹಕ್ಕೆ ಒಂದು ಚುಕ್ಕಿ ಅಂದರೆ
ಮೂವತ್ತು ಮೀಟರ್ ಉದ್ದ, ಮೂವತ್ತು ಅಗಲ,
ಹತ್ತಿರ ಹತ್ತಿರ ಒಂಬತ್ತು ಗುಂಟೆ.
ನಮ್ಮಜ್ಜಿಯ ಪಾಲಿಗೆ ಬಂದಿದ್ದೂ ಅಷ್ಟೇ.
ಅದರೊಳಗೆ ಒಂದು ಹುಣಸೆ, ಒಂದು ಕಣ,
ತಿಪ್ಪೆ, ಎರಡು ವ್ಯಾಜ್ಯ,
ಹೆಸರಿಡುವ ಮೊದಲೇ ಹೂತ ಒಂದು ಕೂಸು.
ಚುಕ್ಕಿಗೆ ಒಂದೇ ಬಣ್ಣ.

ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳುವ ಮುಂಚೆ
ತಗ್ಗುಗಳನ್ನು ತುಂಬಬೇಕು.
ಹರಿಯದೆ ನಿಂತದ್ದೆಲ್ಲ ಲೆಕ್ಕದ ತಪ್ಪು
ಅನ್ನುವುದು ಸಾಫ್ಟ್‌ವೇರಿನ ಶಾಸ್ತ್ರ.
ಒಂದು ಗುಂಡಿ ಒತ್ತಿದೆ;
ಗುಡ್ಡದ ಮೇಲಿನ ಗುಂಡಿಗಳೆಲ್ಲ ಮುಚ್ಚಿದವು,
ನಲವತ್ತೊಂದು, ಮೂರು ಸೆಕೆಂಡಿನಲ್ಲಿ.
ಆಮೇಲೆ ನೀಲಿ ಗೆರೆಗಳು ಎದ್ದವು
ವಯಸ್ಸಾದವರ ಮೀನಖಂಡದ ನರಗಳಂತೆ.
ಗೆರೆ ಗೆರೆ ಕೂಡುವಲ್ಲಿ ಚೆಕ್‌ಡ್ಯಾಂ, ಒಟ್ಟು ಹನ್ನೆರಡು.
ಮುಬೀನ್ ನಕ್ಷೆಯನ್ನು ಸುರುಳಿ ಸುತ್ತಿ
ರಬ್ಬರ್ ಬ್ಯಾಂಡ್ ಹಾಕಿ ಕೊಟ್ಟ.

ನಾಗಮಂಗಲ ದಾಟಿ, ಹುರುಳಿ ಹೊಲದ ಬದುವಿನಲ್ಲಿ
ಜೀಪು ನಿಂತಿತು. ಮುಂದೆ ಕಾಲೇ ಗತಿ.
ಕೈಯಲ್ಲಿನ ಜಿಪಿಎಸ್‌ಗೆ ಏಳು ಉಪಗ್ರಹ ಸಿಕ್ಕವು,
ನಮಗೆ ದಾರಿ ಸಿಗಲಿಲ್ಲ.
ಬಂದರೆ, ಕಾರೆ, ತುಗ್ಗಲಿ, ಲಂಟಾನ.
ಸಣ್ಣತಾಯಮ್ಮನ ಆಡುಗಳ ಹಿಂದೆ ನಡೆದೆವು.

ಎಂಟನೇ ಗುರುತಿನ ಹತ್ತಿರ ಕೋಲೂರಿ ನಿಂತಳು.
‘ಇಲ್ಲಿ ಕಟ್ಟಾದಾ?
ಇಲ್ಲಿಗೆಲ್ಲಿ ನೀರು ಬಂದಾದು ಕಣವ್ವ,
ಮ್ಯಾಲೆ ದೊಣೆ ಐತಲ್ಲ,
ಅದು ಕುಡ್ದು ಮಿಕ್ಕುದ್ರೆ ತಾನೆ?’

ಹತ್ತಿದೆವು. ಇತ್ತು.
ಫೆಬ್ರವರಿ ಕೊನೆಯಲ್ಲೂ ಮೊಣಕಾಲುದ್ದ ನೀರು,
ಒಂದು ಬದಿಗೆ ಜೊಂಡು,
ಕೆಸರಿನಲ್ಲಿ ಒಣಗಿದ ಚಿರತೆ ಹೆಜ್ಜೆ.
ಅವಳು ಬುತ್ತಿ ಡಬ್ಬಿ ತೊಳೆದುಕೊಂಡಳು.
‘ವರ್ಸೊರ್ಸ ಹೂಳು ಎತ್ತೋರು ನಾವೇ, ಏಳು ಮನೆಯೋರು.
ಯಾರೂ ಬರ್ಕೊಂಡಿಲ್ಲ ಬುಡು.’
ಅಕ್ಷಾಂಶ ರೇಖಾಂಶ ನೋಡಿದೆ:
ಮೊನ್ನೆ ನಾನೇ ಮುಚ್ಚಿದ್ದು.

ನಕ್ಷೆಯೂ ಪೂರಾ ಸುಳ್ಳಲ್ಲ.
ಬಂಡೆಯ ಮೇಲೆ ಹಾಸಿ ನಾಲ್ಕು ಕಲ್ಲಿಟ್ಟು
ಅವಳ ದಿಣ್ಣೆಕೊಪ್ಪಲು ತೋರಿಸಿದೆ.
ಹಳದಿ ಗೆರೆ, ನೀರು ಇಬ್ಭಾಗವಾಗುವ ಏಣು,
ಅವಳ ಮನೆಯ ನೆತ್ತಿಯ ಮೇಲೇ ಹಾದಿತ್ತು.
ಈ ಮಗ್ಗುಲ ಹೆಂಚಿನ ನೀರು ಲೋಕಪಾವನಿಗೆ,
ಆ ಮಗ್ಗುಲದು ಶಿಂಷೆಗೆ.
ಬಹಳ ಹೊತ್ತು ನೋಡಿದಳು. ಒಂದು ಆಡು
ಮೂಲೆಯನ್ನು ಮೂಸಿ, ತಿನ್ನಬಹುದೇ ಎಂದು ಯೋಚಿಸಿತು.
‘ಅದ್ಕೇ ಅನ್ನು,
ಹಿತ್ತಲ ಬಾವಿಗೂ ಮುಂದ್ಲ ಬಾವಿಗೂ ರುಚಿ ಬ್ಯಾರೆ.
ನಮ್ಮತ್ತೆ ಮಾತ್ರ ಸಾಯೋಗಂಟ
ನನ್ನ ಕೊಡಾನೇ ಬೈದ್ಲು.’

ಸೋಮವಾರ ಮತ್ತೆ ಕೂತೆ.
ಒಂದು ತಪ್ಪನ್ನು ತಪ್ಪಾಗಿಯೇ ಉಳಿಸಿ
ನಲವತ್ತು ತಗ್ಗು ತುಂಬಿದೆ, ಬೆರಳು ಅಲ್ಲೇ ನಿಂತಿತು.
ಈ ನಲವತ್ತನ್ನು ಯಾರು ನೋಡಿ ಬಂದಿದ್ದಾರೆ?
ಯಂತ್ರದ ಎಡವಟ್ಟೋ, ಯಾರದೋ ಬಾಯಾರಿಕೆಯೋ?
ಎಂಟನೆಯದನ್ನು ಹೊಡೆದು ಹಾಕಿದೆ.
ಜೀಪಿಗೆ ಡೀಸೆಲ್ ಬೇಕೆಂದು ಬರೆದೆ, ಇನ್ನೂ ಹತ್ತು ದಿನಕ್ಕೆ.

ನಮೂನೆಯಲ್ಲಿ ಕಾರಣದ ಕಲಂ ಬಲು ಕಿರಿದು.
ಎರಡೇ ಅಕ್ಷರ ಹಿಡಿಸಿತು: ದೊಣೆ.

ಸಾಹೇಬರ ಮೇಜಿನಿಂದ ಕಡತ ವಾಪಸು ಬಂದಿದೆ,
ಮಂಜೂರಾಗಿ, ಮೊಹರು ಬಿದ್ದು.
ಟೈಪು ಮಾಡಿದವರು ಕಾಗುಣಿತದ ತಪ್ಪೆಂದು
ತಿದ್ದಿ, ದೋಣಿ ಮಾಡಿದ್ದಾರೆ.