ಮುನಿಸು

ಗುರುವಾರ ನಾಲ್ಕಕ್ಕೆ ಟೇ ಸೇತುವೆ ದಾಟಬೇಕು.
ಡಂಡಿಯ ಕಡೆ ಹತ್ತಿದ್ದು ನೆನಪಿದೆ,
ನ್ಯೂಪೋರ್ಟಿನಲ್ಲಿ ಇಳಿದದ್ದೂ.
ನಡುವೆ, ನೀರಿನ ಮೇಲಿನ ಎರಡು ಕಿಲೋಮೀಟರು
ಕಾರು ಓಡಿಸಿದವಳು ಬೇರೆ ಯಾರೋ.
ಒಳ್ಳೆಯ ಡ್ರೈವರು. ಗೆರೆ ದಾಟಿಲ್ಲ,
ಇಂಡಿಕೇಟರು ಮರೆತಿಲ್ಲ.

ಅವಳನ್ನು ಅಷ್ಟಿಷ್ಟು ಬಲ್ಲೆ.
ನನಗೆ ಮೂರಾಗಿದ್ದಾಗ ಬಂದಳು,
ಬೆಟಗೇರಿಯ ಹಾಸ್ಟೆಲಿನ ಪಡಸಾಲೆಗೆ,
ಅವ್ವ ನರ್ಸಾಗಿ ಸ್ಕಾಟ್ಲೆಂಡಿಗೆ ಹೋದ ವಾರ.
ನಾನು ಅತ್ತು ಮುಗಿದಿದ್ದೆ.
"ನೀ ಹೋಗು, ನಾ ಕೂತಿರ್ತೀನಿ" ಅಂದಳು.
ಗಂಜಿ ಕುಡಿದಳು, ಪ್ರಾರ್ಥನೆಗೆ ಎದ್ದು ನಿಂತಳು,
ಜಡೆ ಹಾಕಿಸಿಕೊಳ್ಳಲು ಕತ್ತು ಕೊಟ್ಟಳು.
"ಎಸ್ತೇರನ ಮಗಳು ಭಾಳ ಶಾಣ್ಯಾಕಿ,
ಅಳೂದೇ ಇಲ್ಲ" ಎಂದರು ಎಲ್ಲರೂ.
ನಾನು ತೊಲೆಯ ಸಂದಿಯಲ್ಲಿದ್ದೆ,
ಗುಬ್ಬಿ ಬಿಟ್ಟುಹೋದ ಹುಲ್ಲಿನ ಹತ್ತಿರ.
ಅಲ್ಲಿ ಹಸಿವಾಗುತ್ತಿರಲಿಲ್ಲ.

ಏಳಕ್ಕೆ ನನ್ನನ್ನು ಕರೆಸಿಕೊಂಡರು.
ವಿಮಾನ ನಿಲ್ದಾಣದಲ್ಲಿ ಕಂದು ಕೋಟಿನ ಹೆಂಗಸು
"ನಾನೇ ಅವ್ವ" ಎಂದು ಬಗ್ಗಿದಳು.
ಫೋಟೋದ ಅವ್ವನಿಗೆ ಕೋಟಿರಲಿಲ್ಲ.
ಶಾಣ್ಯಾಕಿ ಮುಂದೆ ಬಂದು ಮುತ್ತು ಕೊಟ್ಟಳು.

ಲಾಕಿಯ ಮೂರನೆಯ ಮಹಡಿಯಲ್ಲಿ
ಅವ್ವನಿಗೆ ಸದಾ ರಾತ್ರಿಪಾಳಿ.
ಟೋಸ್ಟಿನ ಮೇಲೆ ತಟ್ಟೆ ಮುಚ್ಚಿ,
ಮೀಟರಿಗೆ ಎರಡು ನಾಣ್ಯ ಹಾಕಿ,
ಹೊರಗಿನಿಂದ ಕೀಲಿ ತಿರುಗಿಸುತ್ತಿದ್ದಳು.
ನಾಣ್ಯ ಮುಗಿದರೆ ದೀಪವೂ ಮುಗಿಯುತ್ತಿತ್ತು.
ಬೆಳಿಗ್ಗೆ ಡೆಟಾಲಿನ ಕೈ ನನ್ನ ಹಣೆ ಮುಟ್ಟಿ
"ಅಂಜಿದೇನs?" ಎಂದು ಕೇಳುತ್ತಿತ್ತು.
"ಇಲ್ಲ" ಎನ್ನುತ್ತಿದ್ದಳು, ನನ್ನ ಬಾಯಲ್ಲಿ.
ಅವ್ವನ ಕಾಲು ಊದಿರುತ್ತಿದ್ದವು.
ಅದನ್ನೂ ಹೇಳಬೇಕು.

ಗಂಡನೊಬ್ಬನಿದ್ದ, ಫೋರ್ಫಾರಿನವನು, ಗ್ರೆಗರ್.
"ಒಂದು ಸಲ ಜಗಳವಾಡಿದ್ದರೂ ಉಳಿಯುತ್ತಿದ್ದೆ"
ಎಂದು ಪೆಟ್ಟಿಗೆ ಎತ್ತಿಕೊಂಡ.
ಅವನ ಅಂಗಿಗಳಿಗೆ ಇಸ್ತ್ರಿ ಹಾಕಿ ಕಳಿಸಿದೆವು.

ಐಲ್ಸಾ ರಿಂಟೂಲ್ ಕೇಳುತ್ತಾಳೆ,
"ಈಗ ಎಷ್ಟು ದೂರ ಹೋಗಿದ್ದೀಯ?"
ಪರದೆಯ ತನಕ.
"ಪಾದ ಎಲ್ಲಿವೆ?"
ಶೂಗಳಲ್ಲಿ.
"ಶೂ ಹೇಗಿವೆ?"
ಎಡಗಡೆಯದು ಒದ್ದೆ.
ಆ ಒದ್ದೆ ಕಾಲ್ಚೀಲವೊಂದೇ
ಮೊದಲ ವರ್ಷದ ಗಳಿಕೆ.

ಎರಡನೆಯ ವರ್ಷ ಒಂದು ಶಬ್ದ ವಿವರಿಸಲು ಹೋಗಿ ಸೋತೆ.
ಮುನಿಸು ಅಂದರೆ ಸಿಟ್ಟಲ್ಲ, ಐಲ್ಸಾ, ದುಃಖವೂ ಅಲ್ಲ.
ಅದಕ್ಕೆ ಇಬ್ಬರು ಬೇಕು.
ಒಬ್ಬಳು ಗೋಡೆಗೆ ಮುಖ ಮಾಡಿ ಮಲಗಬೇಕು,
ಇನ್ನೊಬ್ಬಳು ಬಂದು
"ಏಳs ನನ್ನ ಬಂಗಾರ, ಎರಡು ತುತ್ತು ತಿನ್ನು" ಅನ್ನಬೇಕು.
ಬಂದೇ ಬರುತ್ತಾಳೆಂದು ಮಲಗಿದವಳಿಗೆ
ಮೊದಲೇ ಗೊತ್ತಿರಬೇಕು.
ಒಂಥರಾ ಉದ್ರಿ ವ್ಯಾಪಾರ.
ನನಗೆ ಯಾವ ಅಂಗಡಿಯಲ್ಲೂ ಖಾತೆಯಿರಲಿಲ್ಲ.
ಅವಳು ಬರೆದುಕೊಳ್ಳಲಿಲ್ಲ. ಮೂಗು ಒರೆಸಿಕೊಂಡಳು.

ಆಗಸ್ಟಿನಲ್ಲಿ ಐಲ್ಸಾ ಮೂರು ವಾರ ರಜೆ ಹೋದಳು.
ಮೊದಲೇ ಹೇಳಿದ್ದಳು, ತಾರೀಕು ಬರೆದುಕೊಟ್ಟಿದ್ದಳು.
"ಖುಷಿಯಾಗಿ ಹೋಗಿ ಬನ್ನಿ" ಎಂದಳು ಶಾಣ್ಯಾಕಿ.
ಮರಳಿದ ಗುರುವಾರ, ಬಿಸಿಲಿಗೆ ಸುಟ್ಟ ಮೂಗು ಹೊತ್ತು
"ಹೇಗಿದ್ದೀಯ?" ಎಂದು ಕೇಳಿದಳು.

ನಾನು ಕಿಟಕಿಗೆ ತಿರುಗಿ ಕೂತೆ.
ನಲವತ್ತನಾಲ್ಕು ವರ್ಷದ ಹೆಂಗಸು,
ಪೆನ್ಷನ್ ಆಫೀಸಿನಲ್ಲಿ ಹನ್ನೊಂದು ಜನರ ಮೇಲಧಿಕಾರಿ,
ತುಟಿ ಉಬ್ಬಿಸಿಕೊಂಡು.
ಗಂಟಲಲ್ಲಿ ಬಿಸಿ ಗೋಲಿಯೊಂದು ಸಿಕ್ಕಿತ್ತು.
ಅದು ನನ್ನದೇ ಗಂಟಲು.

ಅವಳು ಅವಸರ ಮಾಡಲಿಲ್ಲ.
ಕುರ್ಚಿಯನ್ನು ಒಂದು ಗೇಣು ಹತ್ತಿರ ಎಳೆದುಕೊಂಡು,
"ನಾನು ಇಲ್ಲೇ ಇದ್ದೇನೆ.
ನಮಗೆ ಬೇಕಾದಷ್ಟು ಹೊತ್ತಿದೆ" ಎಂದಳು.
ಆಮೇಲೆ ಗಡಿಯಾರ ನೋಡಿ, ಪ್ರಾಮಾಣಿಕವಾಗಿ:
"ಅಂದರೆ, ಇಪ್ಪತ್ತೆರಡು ನಿಮಿಷ."
ನಗು ಬಂತು. ತಡೆದುಕೊಂಡೆ.
ಇಪ್ಪತ್ತೆರಡನ್ನೂ ಪೂರ್ತಿ ಖರ್ಚು ಮಾಡಿದೆ.

ಮರಳುವಾಗ ಸೇತುವೆಗೆ ಹತ್ತಿದ್ದು ನೆನಪಿದೆ.
ಗಾಳಿ ಕಾರನ್ನು ಎಡಕ್ಕೆ ನೂಕುತ್ತಿದ್ದದ್ದು,
ಹಿಡಿದು ಹಿಡಿದು ಅಂಗೈ ಬೆವೆತದ್ದು.
ಕೆಳಗೆ ಮರಳ ದಿಬ್ಬದ ಮೇಲೆ ಸೀಲುಗಳು,
ಒದ್ದೆ ಚೀಲಗಳ ಹಾಗೆ ಬಿದ್ದುಕೊಂಡು,
ಎಷ್ಟು ವರ್ಷದಿಂದ ಅಲ್ಲಿದ್ದವೋ.
ಪಕ್ಕದ ಸೀಟಿನಲ್ಲಿ ಶಾಣ್ಯಾಕಿ
ಓಡಿಸುವ ಕೆಲಸವಿಲ್ಲದೆ
ಬಾಯಿ ತೆರೆದು ನಿದ್ದೆಹೋಗಿದ್ದಳು.