ಅಳತೆಪಟ್ಟಿ ಇಟ್ಟು ತೆಗೆದ ಚಿತ್ರಗಳು

ಬಳೇಪೇಟೆಯಲ್ಲಿ ನನ್ನ ಸ್ಟುಡಿಯೋ ಇದ್ದಾಗ
ಅಳಿಲುಬಾಲದ ಕೂದಲಿನ ಕುಂಚವೊಂದಿತ್ತು.
ಗಂಡಿನ ಮನೆಗೆ ಕಳಿಸುವ ಫೋಟೋಗಳಲ್ಲಿ
ಮಚ್ಚೆ, ಸಿಡುಬಿನ ಕುಳಿ, ಒಲೆಯ ಸುಟ್ಟ ಗಾಯ
ಉಸಿರು ಬಿಗಿಹಿಡಿದು ಅಳಿಸುತ್ತಿದ್ದೆ.
ಸಿದ್ದೋಜಿ ಕೈಯಿಟ್ಟರೆ ಚಂದ್ರನಿಗೂ ಕಲೆಯಿಲ್ಲ ಅನ್ನೋರು.
ಎಷ್ಟು ಸಂಬಂಧ ಕುದುರಿದವೋ, ಎಷ್ಟು ಮುರಿದವೋ,
ಆ ಲೆಕ್ಕ ಸ್ಟುಡಿಯೋದಲ್ಲಿ ಇಡುವುದಿಲ್ಲ.

ಈಗ ತಿಂಗಳ ಎರಡನೇ ಗುರುವಾರ
ಆಸ್ಪತ್ರೆಯ ಮೂರನೇ ಮಹಡಿ, ಲಿಫ್ಟಿನ ಪಕ್ಕದ ಕೋಣೆ.
ಬೂದು ಪರದೆ, ಎರಡು ದೀಪ, ಆರಿಂಚಿನ ಅಳತೆಪಟ್ಟಿ.
ಮೊದಲ ದಿನವೇ ಡಾಕ್ಟರ್ ಜಸಿಂತಾ ಅಂದರು:
ಇಲ್ಲಿ ಏನನ್ನೂ ಅಳಿಸಬೇಡಿ.
ಕೆಂಪು ಇದ್ದಷ್ಟೇ ಕೆಂಪಾಗಿ ಬರಲಿ.
ಅರವತ್ತೊಂದಕ್ಕೆ ಈ ಕೈ ಮತ್ತೆ ಒಂದನೇ ಕ್ಲಾಸು.

ಟ್ಯಾನರಿ ರಸ್ತೆಯ ರುಹೀನಾಗೆ ಆಗ ಎಂಟು ವಾರ.
ರೆಪ್ಪೆಯ ಮೇಲೆ ದಾಳಿಂಬೆ ಕಾಳು ಒತ್ತಾಗಿ ಕೂತ ಹಾಗೆ,
ಆ ಕಣ್ಣು ಅರ್ಧವೇ ತೆರೆಯುತ್ತಿತ್ತು.
ಗ್ರಹಣದ ದಿನ ನಾನು ಹಣ್ಣು ಹೆಚ್ಚಿದೆ, ಅಂದಳು ತಾಯಿ,
ಪೊಲೀಸರ ಮುಂದೆ ಒಪ್ಪಿಕೊಳ್ಳುವ ದನಿಯಲ್ಲಿ.
ಯಾವ ಹಣ್ಣು?
ಸೀಬೆ.
ಜಸಿಂತಾ ಚೀಟಿ ಬರೆದರು: ಎದೆಬಡಿತಕ್ಕೆ ದೊಡ್ಡವರು ನುಂಗುವ ಔಷಧಿ,
ಮಗುವಿಗೆ ಅಳೆದಷ್ಟೇ, ಹಾಲು ಕುಡಿಸಿದ ಮೇಲೇ.
ಅದರ ಕೆಳಗೆ ಕನ್ನಡದಲ್ಲಿ: ತಾಯಿಯ ತಪ್ಪಿಲ್ಲ.
ಸಹಿ ಹಾಕಿ, ಮೊಹರೂ ಒತ್ತಿದರು.
ಅತ್ತೆಗೆ ತೋರಿಸಮ್ಮ.

ಮೊದಲೆಲ್ಲ ಚರ್ಮದವರಿಗೆ ಒಂದು ಬಸ್ಸು, ಕಣ್ಣಿನವರಿಗೆ ಇನ್ನೊಂದು,
ಸ್ಕ್ಯಾನಿಗೆ ಜಯನಗರ, ಉತ್ತರಕ್ಕೆ ಮುಂದಿನ ತಿಂಗಳು.
ಈಗ ಎರಡು ಗಂಟೆಗೆ ಎಲ್ಲರೂ ಒಂದೇ ಮೇಜಿಗೆ.
ಕಿಟಕಿ ಮುಚ್ಚಿ, ಗೋಡೆಯ ಮೇಲೆ ನನ್ನ ಚಿತ್ರಗಳು,
ಯಾರದೋ ಡಬ್ಬಿಯಿಂದ ಚಿತ್ರಾನ್ನದ ವಾಸನೆ.

ಮಾಲೂರಿನ ಚೌಡೇಶ, ಏಳು ವರ್ಷ,
ಬಲಗಾಲು ಎಡಗಾಲಿಗಿಂತ ಒಂದಿಂಚು ಉದ್ದ, ಎರಡಿಂಚು ದಪ್ಪ,
ತೊಡೆಯ ತುಂಬ ನೀಲಿ ನರಗಳ ಕವಲು.
ಕತ್ತರಿಸೋಣ ಅಂದರು ಸರ್ಜನ್ ಪೊನ್ನಪ್ಪ.
ಸೂಜಿಯಲ್ಲೇ ಮುಚ್ಚಬಹುದು ಅಂದರು ಇರ್ಫಾನಾ.
ಹಳೆಯ ಚಿತ್ರ ಹಾಕಿ, ಅಂದರು ಜಸಿಂತಾ. ಹಾಕಿದೆ.
ಅದೇ ದೀಪ, ಅದೇ ದೂರ, ಅದೇ ಪಟ್ಟಿ.
ಎರಡು ನೂಲಷ್ಟೂ ಬೆಳೆದಿಲ್ಲ.
ಕಾಲುಚೀಲ ಬಿಗಿ ಮಾಡಿ, ಆರು ತಿಂಗಳು ಕಾಯೋಣ.

ಕಾಯೋಕೆ ಇಷ್ಟು ಜನ ಬೇಕಾ ಸ್ವಾಮಿ? ಅಪ್ಪ ಕೇಳಿದ.
ಪೊನ್ನಪ್ಪ ನಕ್ಕರು: ನಾನೊಬ್ಬನೇ ಇದ್ದಿದ್ರೆ
ಇವತ್ತೇ ಚಾಕು ಹಿಡೀತಿದ್ದೆ.

ಆ ಅಪ್ಪ ಪ್ರತಿ ಜೂನಿಗೆ ಎರಡು ಜೊತೆ ಶೂ ಕೊಳ್ಳುತ್ತಾನೆ,
ಮಗನಿಗೆ ಒಂದು ಜೊತೆಯಾಗಲು.
ಉಳಿದ ಎರಡನ್ನು ಫಿಜಿಯೋ ಮೇಜಿನ ಕೆಳಗಿನ ಪೆಟ್ಟಿಗೆಯಲ್ಲಿಟ್ಟ:
ಎಡಗಾಲು ದಪ್ಪ ಇರೋ ಮಗು ಯಾವುದಾದ್ರೂ ಬಂದರೆ ಇರಲಿ.
ಇನ್ನೂ ಬಂದಿಲ್ಲ. ಶೂಗಳು ಹೊಸವಾಗಿಯೇ ಇವೆ.

ಶ್ರೀರಾಮಪುರದ ಅಚಲಾಗೆ ಹದಿನೈದು.
ಎಡಗೆನ್ನೆಯಿಂದ ಹಣೆಯವರೆಗೆ ದ್ರಾಕ್ಷಿಯ ಬಣ್ಣ.
ಲೇಸರ್ ಒಂಬತ್ತು ಸಲ; ಪ್ರತಿ ಸಲವೂ ವಾರವಿಡೀ
ಮುಖದ ಮೇಲೆ ರಾಗಿ ಚೆಲ್ಲಿದ ಹಾಗೆ ಕಪ್ಪು ಚುಕ್ಕೆ,
ಆಮೇಲೆ ಒಂದು ಎಳೆ ತೆಳುವು, ಅಷ್ಟೇ.
ಪರೀಕ್ಷೆಯ ಅರ್ಜಿಗೆ ಫೋಟೋ ಬೇಕು ಅಂದಳು. ತೆಗೆದೆ.
ಆಮೇಲೆ, ಬಾಗಿಲ ಕಡೆ ನೋಡಿ, ಮೆತ್ತಗೆ:
ಅಂಕಲ್, ಒಂದರಲ್ಲಿ ಮಾತ್ರ ಇಲ್ಲದ ಹಾಗೆ ಮಾಡ್ತೀರಾ?
ಸುಮ್ನೆ, ನೋಡೋಕೆ.

ಎಷ್ಟೋ ವರ್ಷದ ಮೇಲೆ ಕೈ ತಾನಾಗಿ ಹಳೆಯ ದಾರಿ ಹಿಡಿಯಿತು.
ಎರಡೇ ನಿಮಿಷ. ಈಗ ಕುಂಚವೂ ಬೇಡ.
ಪರದೆಯ ಮೇಲೆ ನಯವಾದ, ಯಾರದೋ ಒಂದು ಕೆನ್ನೆ.
ಅಚಲಾ ತಲೆ ವಾರೆ ಮಾಡಿ ನೋಡಿದಳು, ಬಹಳ ಹೊತ್ತು.
ನಮ್ಮ ದೊಡ್ಡಮ್ಮನ ಮಗಳ ಥರ ಇದಾಳೆ, ಅಂದಳು.
ಅವಳು ನಂಗೆ ಐವತ್ತು ರೂಪಾಯಿ ಕೊಡಬೇಕು.

ಅಳಿಸಲಾ ಅಂತ ಕೇಳಿದೆ.
ಯಾವುದನ್ನು ಎಂದು ನಾನು ಹೇಳಲಿಲ್ಲ, ಅವಳು ಕೇಳಲಿಲ್ಲ.
ಅಷ್ಟರಲ್ಲಿ ಸ್ಕ್ಯಾನಿಗೆ ಹೆಸರು ಕೂಗಿದರು. ಓಡಿದಳು,
ಕಂಪಾಸಿನ ಡಬ್ಬಿ ಇಲ್ಲೇ ಬಿಟ್ಟು.

ಮುಂದಿನ ಮಗು ಒಳಗೆ ಬಂತು.
ದೀಪ ಸರಿಮಾಡಿದೆ,
ಅಳತೆಪಟ್ಟಿಯನ್ನು ಅಂಗಿಯ ತುದಿಯಲ್ಲಿ ಒರೆಸಿದೆ.