ಅವಳಿಯ ಪಾಲು

ಹೂವೆಂದರೆ ಯಾರೂ ನಂಬದ ಹೂವು, ಗೋಧಿಯದು.
ಹದಿನಾಲ್ಕು ದಿನದ ಹಿಂದೆ ನ್ವಾರ್ಡ್
ಚಿಮಟದಲ್ಲಿ ಅದರ ಕೇಸರಗಳನ್ನು ಕಿತ್ತು
ಅರಾರಾತ್ ಬಯಲಿನ ಕಾಡುಹುಲ್ಲಿನ ಧೂಳು ಸವರಿದ್ದಳು.

ಒಂದೇ ನಳಿಗೆಯಲ್ಲಿ ಇಳಿದು ಬಂದವರು ಇಬ್ಬರು.
ಒಬ್ಬ ಅಂಡವನ್ನು ಸೇರಿ ಕೂಸಾದ.
ಇನ್ನೊಬ್ಬ ನಡುಮನೆಗೆ ಹೋಗಿ
ಹಾಲಾಗಬೇಕಿತ್ತು, ಹಾಲು ಹಿಟ್ಟಾಗಬೇಕಿತ್ತು,
ತಾನು ಹುಟ್ಟದೆ, ಒಡಹುಟ್ಟಿದವನಿಗೆ ಬುತ್ತಿಯಾಗಬೇಕಿತ್ತು.
ಆಗಲಿಲ್ಲ. ಕಾಡಿಗೂ ಊರಿಗೂ ಲೆಕ್ಕ ಹೊಂದದೆ
ಕಾಳಿನೊಳಗೆ ಬರೀ ನೀರು.

ಅದಕ್ಕೇ ಈ ಅವಸರ.
ಸೂಜಿಮೊನೆಯಲ್ಲಿ ಸಿಪ್ಪೆ ಸೀಳಿ
ಮರಳಿನ ಕಣದಷ್ಟು ಮಬ್ಬು ಬಿಳುಪನ್ನು
ಉಸಿರು ಬಿಗಿಹಿಡಿದು ಎತ್ತಿ
ಸಕ್ಕರೆ ಬೆರೆಸಿದ ಅಗರಿನ ಮೇಲೆ ಮಲಗಿಸುತ್ತಾಳೆ,
ಗುರಾಣಿಯಂಥ ಬೆನ್ನು ಕೆಳಗಾಗಿ.
ಅದು ಉಣ್ಣುವುದು ಬೆನ್ನಿನಿಂದ.

ಕರೆಂಟಿಲ್ಲದ ಆ ಚಳಿಗಾಲ, ಗ್ಯೂಮ್ರಿಯಲ್ಲಿ,
ಏಳು ತಿಂಗಳಿಗೇ ಹುಟ್ಟಿದವಳು ತಾನೂ.
ಬೂಟಿನ ಡಬ್ಬಿ, ಹತ್ತಿ, ಸೌದೆಯ ಒಲೆ,
ಅಜ್ಜಿಯ ಮಸಿ ಹಿಡಿದ ಬೆರಳಿನಿಂದ ತೊಟ್ಟು ತೊಟ್ಟು ಹಾಲು.
ಪ್ರಯೋಗಾಲಯದಲ್ಲಿ ಇದನ್ನು ಯಾರಿಗೂ ಹೇಳಿಲ್ಲ.
ಮುಚ್ಚಳದ ಮೇಲೆ ತಾರೀಖು ಬರೆದು
ಕತ್ತಲ ಕಪಾಟಿಗೆ ಸೇರಿಸುತ್ತಾಳೆ.
ನಲವತ್ತರಲ್ಲಿ ಮೂರು ಹಸಿರಾದರೆ ಹಬ್ಬ.

ಮಧ್ಯಾಹ್ನ ಕಿಟಕಿಯ ಬಳಿ
ಲವಾಶ್ ರೊಟ್ಟಿಯಲ್ಲಿ ಉಪ್ಪುಚೀಸು, ಸೊಪ್ಪು ಸುತ್ತುವಾಗ
ಕೈ ತಡೆಯುತ್ತದೆ:
ಎಷ್ಟು ಕೂಸುಗಳ ಬುತ್ತಿ ಇದು,
ಇಷ್ಟು ತೆಳ್ಳಗೆ, ಇಷ್ಟು ಅಗಲಕ್ಕೆ ತಟ್ಟಿದ್ದು!

ಆಮೇಲೆ ಹಸಿವು. ತಿನ್ನುತ್ತಾಳೆ,
ಮಡಿಲಿಗೆ ಬಿದ್ದ ಚೂರನ್ನೂ ಹೆಕ್ಕಿ.